ಹಳೆ ತಾರಸಿಗೆ ಸಿಮೆಂಟ್ ಹೊಡೆಯುವ ಮೊದಲು: ಕೊತ್ತತ್ತಿ ಹೋಬಳಿಯ ಗಾರೆ ಮೇಸ್ತ್ರಿಗಳಿಗೆ ಒಂದು ಬಹಿರಂಗ ಪತ್ರ

ಕೊತ್ತತ್ತಿ ಹೋಬಳಿಯ ಮೇಸ್ತ್ರಿಗಳೇ, ಗಾರೆ ಕೆಲಸದ ಅಣ್ಣತಮ್ಮಂದಿರೇ, ಬಾಂಡ್ಲಿ ಹೊತ್ತು ಮಹಡಿ ಹತ್ತುವ ಅಕ್ಕತಂಗಿಯರೇ,



ಮಳೆ ಹಿಡಿದುಕೊಂಡ ಮೇಲೆ ನಿಮಗೆ ಎಲ್ಲೆಲ್ಲಿಂದ ಫೋನ್ ಬರುತ್ತದೆ ಎಂದು ನನಗೆ ಗೊತ್ತು. ಮಂಡ್ಯದ ಪೇಟೆ ಬೀದಿಯಿಂದ, ಮದ್ದೂರಿನಿಂದ, ಮಳವಳ್ಳಿಯಿಂದ, ಒಮ್ಮೊಮ್ಮೆ ಮೈಸೂರಿನ ಹಳೆ ಅಂಗಡಿ ಸಾಲುಗಳಿಂದ. "ಮೇಸ್ತ್ರಿ, ಅಂಗ್ಡಿ ಸೋರ್ತಾ ಅದೆ, ಸಾಮಾನೆಲ್ಲ ನೆನೀತಾ ಅವೆ, ನಾಳೆ ಬೆಳಿಗ್ಗೇನೇ ಬಂದು ಒಸಿ ಸಿಮೆಂಟ್ ಹೊಡ್ದು ಕೊಟ್ಬುಡು." ನೀವು ಹೋಗುತ್ತೀರಿ. ಎರಡು ಮೂಟೆ ಸಿಮೆಂಟ್, ಒಂದು ಡಬ್ಬ ವಾಟರ್‌ಪ್ರೂಫ್ ದ್ರಾವಣ, ಒಂದು ದಿನದ ಕೆಲಸ. ಆ ವರ್ಷ ಸೋರುವುದು ನಿಲ್ಲುತ್ತದೆ. ಮಾಲೀಕರಿಗೂ ಸಮಾಧಾನ, ನಿಮಗೂ ಕೂಲಿ.

ಆ ಫೋನು ಬಂದಾಗ ನೀವು ಏನು ಮಾಡಬೇಕು ಎನ್ನುವುದರ ಮೇಲೆ ಆ ಕಟ್ಟಡ ಇನ್ನೂ ಐವತ್ತು ವರ್ಷ ನಿಲ್ಲುತ್ತದೋ ಹತ್ತು ವರ್ಷಕ್ಕೇ ಕುಸಿಯುತ್ತದೋ ಎಂಬುದು ನಿಂತಿದೆ. ಇದನ್ನು ಹೇಳಲಿಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ಎಂಜಿನಿಯರುಗಳಿಗೆ ಬರೆಯಬಹುದಿತ್ತು, ನಗರಸಭೆಗೆ ಬರೆಯಬಹುದಿತ್ತು. ಆದರೆ ಪೇಟೆ ಬೀದಿಯ ಹಳೆ ಅಂಗಡಿಯ ತಾರಸಿ ಹತ್ತಿ ನೋಡುವವರು ಅವರಲ್ಲ, ನೀವು. ನಾನೂ ಇದೇ ಹೋಬಳಿಯವನು, ಕರಣೆ ಹಿಡಿದೇ ಬದುಕಿದವನು. ಹಾಗಾಗಿ ನಿಮಗೇ ಬರೆಯುವುದು ಸರಿ ಎನ್ನಿಸಿತು.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ದೇವರಾಜ ಮಾರುಕಟ್ಟೆಯ ಹತ್ತಿರವೇ ಇರುವ ಉದ್ದನೆಯ ಅಂಗಡಿ ಸಾಲು. 1892ರಲ್ಲಿ ಮೈಸೂರಿಗೆ ಬಂದಿದ್ದ ವೈಸ್‌ರಾಯ್ ಹೆಸರು ಅದಕ್ಕೆ. ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ವ್ಯಾಪಾರ ನಡೆಯಿತು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಕಡೆಯ ಭಾಗ ಬಿತ್ತು. ಅದೂ ರಿಪೇರಿ ಕೆಲಸ ನಡೆಯುತ್ತಿದ್ದಾಗಲೇ. ನಮ್ಮ ಕಡೆಯ ವೀಳ್ಯದೆಲೆ, ಬಾಳೆಹಣ್ಣು, ಹೂವು ಮಾರಾಟವಾಗುವ ಜಾಗ ಅದು. ಸುಮಾರು 800 ಅಂಗಡಿಗಳ ಅನ್ನ. ಈ ಎರಡನ್ನೂ ಕೆಡವಿ ಹೊಸದಾಗಿ ಕಟ್ಟಬೇಕೋ, ಇರುವುದನ್ನೇ ಉಳಿಸಬೇಕೋ ಎಂಬ ಜಗಳ ಹೈಕೋರ್ಟಿನವರೆಗೂ ಹೋಯಿತು. 2022ರ ಅಕ್ಟೋಬರ್ ಮಳೆಯಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಪ್ರಯೋಗಾಲಯದ ಭಾಗವೂ ಬಿತ್ತು.

ಇವೆಲ್ಲ ಬಿದ್ದದ್ದಕ್ಕೆ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಮೂರೂ ಬಿದ್ದದ್ದು ಮಳೆಗಾಲದಲ್ಲಿ, ಮೂರೂ ವರ್ಷಾನುಗಟ್ಟಲೆ ಸರಿಯಾದ ಆರೈಕೆ ಇಲ್ಲದೆ ನಿಂತಿದ್ದವು ಎನ್ನುವುದನ್ನು ಗಮನಿಸಿ. ಹಳೆ ಕಟ್ಟಡ ಒಂದೇ ದಿನದಲ್ಲಿ ಕೆಡುವುದಿಲ್ಲ. ತಾರಸಿಯಿಂದ ಇಳಿದ ನೀರು ಮೊದಲು ಗಾರೆಯೊಳಗೆ, ಆಮೇಲೆ ಮರದೊಳಗೆ, ಕೊನೆಗೆ ಗೋಡೆಯೊಳಗೆ ಸೇರಿ, ಎಷ್ಟೋ ಮಳೆಗಾಲ ಸುಮ್ಮನೆ ಕೆಲಸ ಮಾಡಿರುತ್ತದೆ.

ಪೇಟೆ ಬೀದಿಯ ಹಳೆ ಅಂಗಡಿಗಳ ತಾರಸಿ ಹೇಗೆ ಕಟ್ಟಿದ್ದು ಎಂದು ಒಮ್ಮೆ ನೆನಪು ಮಾಡಿಕೊಳ್ಳೋಣ. ಹೊಸ ಹುಡುಗರು ಬರೀ ಆರ್‌ಸಿಸಿ ನೋಡಿ ಬೆಳೆದವರು, ಅವರಿಗೆ ಇದು ತಿಳಿದಿರಲಿಕ್ಕಿಲ್ಲ. ನಾವು ಮದ್ರಾಸ್ ತಾರಸಿ ಎನ್ನುವ ಕೆಲಸ ಇದು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ. ಜಂತೆಗಳ ಮೇಲೆ ಒಂದಿಂಚು ದಪ್ಪದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾ ಹೋಗುವುದು. ಅದರ ಮೇಲೆ ಮೂರು ನಾಲ್ಕು ಇಂಚು ಇಟ್ಟಿಗೆ ಜಲ್ಲಿ ಮತ್ತು ಸುಣ್ಣ. ಅದನ್ನು ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ, ಜಲ್ಲಿ ಕೂತು, ಗಾರೆಯ ಹಾಲು ಮೇಲೆ ಬಂದು, ಕೊಡತಿ ಪುಟಿಯುವ ತನಕ ಬಡಿತ. ಅದರ ಮೇಲೆ ಚಪ್ಪಟೆ ಹೆಂಚಿನ ಎರಡು ಮೂರು ಪದರ. ಎಲ್ಲಕ್ಕೂ ನೀರು ಹರಿಯುವಷ್ಟು ವಾಟ.

ಸುಣ್ಣದ ಗಾರೆಗೆ ನೀರು ತಡೆಯುವ ಶಕ್ತಿ ಇಲ್ಲ ಎನ್ನುವವರಿಗೆ ಕನ್ನಂಬಾಡಿ ಕಟ್ಟೆ ತೋರಿಸಿ. 1911ರಲ್ಲಿ ಶುರುವಾದ ಆ ಕೆಲಸ ನಡೆದದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲಿ. 124.80 ಅಡಿ ನೀರನ್ನು ಅದು ಇವತ್ತಿಗೂ ಹಿಡಿದು ನಿಂತಿದೆ. ನಮ್ಮ ಗದ್ದೆಗೆ ನಾಲೆಯಲ್ಲಿ ಬರುವ ನೀರು ಅದೇ. ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ ಸುಣ್ಣದ ಜೊತೆ ಬೆರೆತರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ, ಬರೀ ಸುಣ್ಣ ಹಾಗಾಗುವುದಿಲ್ಲ. ನಮ್ಮ ಹಿರಿಯರ ಕೈಯಲ್ಲಿ ಈ ವಿದ್ಯೆ ಇತ್ತು. ಅದು ಹಳತಾಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಗ ಸಿಮೆಂಟಿನ ವಿಷಯ. ಸಿಮೆಂಟ್ ಕೆಟ್ಟದ್ದಲ್ಲ, ಆರ್‌ಸಿಸಿಗೆ ಅದೇ ಬೇಕು. ಆದರೆ ಸುಣ್ಣದ ತಾರಸಿಯ ಮೇಲೆ ಅದಕ್ಕೆ ಜಾಗವಿಲ್ಲ. ಏಪ್ರಿಲ್ ಬಿಸಿಲಿಗೆ ತಾರಸಿ ಹಿಗ್ಗುತ್ತದೆ, ಸಂಜೆ ಒಂದು ಮಳೆ ಬಿದ್ದರೆ ಕುಗ್ಗುತ್ತದೆ. ಸುಣ್ಣ ಆ ಎಳೆದಾಟಕ್ಕೆ ಸ್ವಲ್ಪ ಬಗ್ಗುತ್ತದೆ. ಸಿಮೆಂಟ್ ಬಗ್ಗುವುದಿಲ್ಲ, ಕೂದಲೆಳೆಯಷ್ಟು ಸೀಳುತ್ತದೆ. ಆ ಸೀಳಿನಲ್ಲಿ ನೀರು ಇಳಿಯುತ್ತದೆ. ಇಳಿದ ನೀರು ಬಿಸಿಲಿಗೆ ಆವಿಯಾಗಿ ಹೊರಗೆ ಹೋಗಬೇಕು. ಸುಣ್ಣವಾದರೆ ಬಿಡುತ್ತದೆ, ಮೇಲಿನ ಸಿಮೆಂಟ್ ಪದರ ಬಿಡುವುದಿಲ್ಲ. ಹೋಗಲು ದಾರಿ ಇಲ್ಲದ ನೀರು ಕೆಳಗೆ ಜಂತೆಗೆ ಇಳಿದು ಅಲ್ಲೇ ಕೂರುತ್ತದೆ. ಕೆಳಗಿನಿಂದ ನೋಡಿದರೆ ಸೋರುವುದು ಕಾಣುವುದಿಲ್ಲ. ಮಾಲೀಕರು ರಿಪೇರಿ ಆಯಿತೆಂದುಕೊಳ್ಳುತ್ತಾರೆ, ಒಳಗೆ ಮರ ಕೊಳೆಯುತ್ತಿರುತ್ತದೆ.

ಭಾರದ ಲೆಕ್ಕವನ್ನೂ ನೋಡಿ. ಮೂವತ್ತು ಅಡಿಗೆ ಇಪ್ಪತ್ತು ಅಡಿಯ ಒಂದು ಅಂಗಡಿ. ಅದರ ಮೇಲೆ ಒಂದೇ ಇಂಚು ಸಿಮೆಂಟ್ ಗಾರೆ ಹಾಸಿದರೂ ಸುಮಾರು ಮೂರು ಟನ್ ಆಗುತ್ತದೆ. ಕಬ್ಬು ತುಂಬಿದ ಎರಡು ಎತ್ತಿನ ಗಾಡಿಗಳನ್ನು ಮಾಳಿಗೆಯ ಮೇಲೆ ಹತ್ತಿಸಿ ನಿಲ್ಲಿಸಿದಷ್ಟು. ಹತ್ತು ವರ್ಷಕ್ಕೊಮ್ಮೆ ಯಾರೋ ಒಬ್ಬರು ಬಂದು ಒಂದೊಂದು ಇಂಚು ಸೇರಿಸಿರುತ್ತಾರೆ. ಅದರ ಮೇಲೆ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಎಂದರೆ ಇನ್ನೊಂದು ಟನ್. ಜಾಹೀರಾತಿನ ಕಬ್ಬಿಣದ ಚೌಕಟ್ಟು, ಎಸಿ ಯಂತ್ರ, ಮೊಬೈಲ್ ಕಂಪನಿಯ ಕಂಬ. ಇಷ್ಟನ್ನೂ ಹೊರುವುದು ನೂರು ವರ್ಷದ ಹಿಂದೆ ಕೊಯ್ದ ಮರ.

ಹಿಂದೊಂದು ಮಳೆಗಾಲದಲ್ಲಿ ನಮ್ಮ ಮಂಡ್ಯ ಜಿಲ್ಲೆಯದೇ ಒಂದು ಪಾತ್ರೆ ಅಂಗಡಿಗೆ ಹೋಗಿದ್ದೆ. ಊರ ಹೆಸರು ಬೇಡ. ಗಲ್ಲಾಪೆಟ್ಟಿಗೆಯ ಮೇಲೆ ಹನಿ ಬೀಳುತ್ತಿತ್ತು, ಒಂದು ಕೊಳದಪ್ಪಲೆ ಇಟ್ಟಿದ್ದರು. ಜಂತೆಗಳಿಗೆಲ್ಲ ಹೊಸದಾಗಿ ಹಸಿರು ಬಣ್ಣ ಹೊಡೆಸಿದ್ದರು, ನೋಡಲು ಗಟ್ಟಿಮುಟ್ಟು. ಏಣಿ ಹತ್ತಿ, ಜಂತೆ ಗೋಡೆಯೊಳಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯ ತನಕ ಒಳಗೆ ಹೋಯಿತು. ಹೊರಗೆ ಎಳೆದರೆ ಅದರ ತುದಿಯಲ್ಲಿ ಕಾಫಿಪುಡಿಯ ಬಣ್ಣದ ಒದ್ದೆ ಪುಡಿ. ಪಕ್ಕದ ಜಂತೆಯೂ ಹಾಗೇ. ಅದರ ಪಕ್ಕದ್ದು ಸರಿಯಾಗಿತ್ತು. ತಾರಸಿ ಹತ್ತಿ ನೋಡಿದಾಗ ಆ ಎರಡು ಜಂತೆಗಳ ನೇರಕ್ಕೇ ನೀರಿನ ದೋಣಿ. ಅದರ ಬಾಯಿಗೆ ಒಣಗಿದ ಎಲೆ, ಗುಟ್ಕಾ ಪೊಟ್ಟಣ, ಪಾರಿವಾಳದ ಗೂಡಿನ ಕಡ್ಡಿ ತುಂಬಿ, ಒಂದು ಗೇಣು ನೀರು ನಿಂತಿತ್ತು. ಮೂರು ಪದರ ಸಿಮೆಂಟ್ ಹೊಡೆಸಿದ್ದರು. ದೋಣಿಯ ಬಾಯಿ ಬಿಡಿಸಿ ನೋಡುವುದು ಯಾರಿಗೂ ಹೊಳೆದಿರಲಿಲ್ಲ. ಅಂದೇ ಸರ್ವೆ ಮರದ ಆಸರೆ ಕೊಟ್ಟು, ಆ ಭಾಗದ ಕೆಳಗೆ ಯಾರೂ ಕೂರದಂತೆ ಮಾಡಿ ಬಂದೆ. ಗಲ್ಲಾ ಅಲ್ಲೇ ಇತ್ತು. ದಿನವಿಡೀ ಒಬ್ಬರು ಅದರ ಕೆಳಗೇ ಕೂತಿರುತ್ತಿದ್ದರು.

ಅದಕ್ಕೇ ಹೇಳುವುದು: ಹೋದ ಕೂಡಲೇ ಕರಣೆ ತೆಗೆಯಬೇಡಿ. ಮೊದಲು ದೋಣಿ ನೋಡಿ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಮೇಲೆ ಹೇಳಿದ ಮೂವತ್ತಕ್ಕೆ ಇಪ್ಪತ್ತು ಅಡಿಯ ಅಂಗಡಿಯ ತಾರಸಿಯ ಮೇಲೆ ಅದು ವರ್ಷಕ್ಕೆ 39 ಸಾವಿರ ಲೀಟರ್ ಆಗುತ್ತದೆ. ಒಂದು ಸಂಜೆ 50 ಮಿಲಿಮೀಟರ್ ಹೊಡೆದರೆ 2,800 ಲೀಟರ್ ಒಂದೋ ಎರಡೋ ದೋಣಿಯಿಂದ ಇಳಿದು ಹೋಗಬೇಕು. ಬಾಯಿ ಕಟ್ಟಿದರೆ ಎಂಥ ವಾಟರ್‌ಪ್ರೂಫೂ ಉಳಿಯುವುದಿಲ್ಲ.

ಆಮೇಲೆ ತಾರಸಿಯೂ ಪ್ಯಾರಪೆಟ್ ಗೋಡೆಯೂ ಸೇರುವ ಮೂಲೆ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಅಲ್ಲಿಯವು, ತಾರಸಿಯ ನಡುವಿನವಲ್ಲ. ಆ ಮೂಲೆಯಲ್ಲಿ ಹಳೆಯವರು ಸುಣ್ಣದಲ್ಲಿ ದಪ್ಪ ಗೋಲಾ ಕಟ್ಟುತ್ತಿದ್ದರು. ಅದು ಬಿರಿದಿದ್ದರೆ, ಕಿತ್ತು ಹೊಸದಾಗಿ ಸುಣ್ಣದಲ್ಲೇ ಕಟ್ಟಿ. ಪ್ಯಾರಪೆಟ್ಟಿನಲ್ಲಿ ಅರಳಿ, ಆಲ, ಅತ್ತಿ ಸಸಿ ಎದ್ದಿದ್ದರೆ ಕೈಯಲ್ಲಿ ಕಿತ್ತು ಬಿಸಾಡಬೇಡಿ. ಬೇರು ಒಳಗೇ ಉಳಿಯುತ್ತದೆ, ಮುಂದಿನ ಮಳೆಗೆ ಇನ್ನೂ ಜೋರಾಗಿ ಬರುತ್ತದೆ. ಸುತ್ತಲಿನ ಗಾರೆ ಬಿಡಿಸಿ, ಬೇರು ಹೋದಷ್ಟು ದೂರ ಹಿಂಬಾಲಿಸಿ ತೆಗೆದು, ಆ ಸಂದಿಗೆ ಗಾರೆ ತುಂಬಿ. ಬ್ಯಾನರು ಕಟ್ಟಲು ಹೊಡೆದ ಮೊಳೆ, ಕೇಬಲ್ಲಿನವರು ಕೊರೆದ ತೂತು, ಎಸಿ ಪೈಪು ಇಳಿಸಿದ ಸಂದು, ಪಕ್ಕದವರು ಹೊಸದಾಗಿ ಮೂರು ಮಹಡಿ ಕಟ್ಟಿ ತಮ್ಮ ನೀರನ್ನೆಲ್ಲ ನಿಮ್ಮ ಮಾಲೀಕರ ತಾರಸಿಗೆ ಬಿಟ್ಟಿರುವುದು, ಇವನ್ನೆಲ್ಲ ಕಣ್ಣಾಡಿಸಿ. ಕೊನೆಯದು ಗಾರೆ ಕೆಲಸದಿಂದ ಸರಿಯಾಗುವಂಥದ್ದಲ್ಲ, ಪಕ್ಕದವರ ಜೊತೆ ಮಾಲೀಕರೇ ಮಾತಾಡಬೇಕು, ಅದನ್ನು ಬಿಡಿಸಿ ಹೇಳಿ.

ಎಲ್ಲಿ ಸೋರುತ್ತದೆ ಎಂದು ತಿಳಿಯಲು ಕೆಲವರು ತಾರಸಿಗೆ ಅಂಚು ಕಟ್ಟಿ ನೀರು ನಿಲ್ಲಿಸುತ್ತಾರೆ. ಆರ್‌ಸಿಸಿಯಲ್ಲಿ ಅದು ನಡೆಯುತ್ತದೆ. ಮರದ ಜಂತೆಯ ತಾರಸಿಯಲ್ಲಿ ದಯವಿಟ್ಟು ಎಂದೂ ಮಾಡಬೇಡಿ. ಅದೇ ಮೂವತ್ತಕ್ಕೆ ಇಪ್ಪತ್ತು ಅಡಿಯ ತಾರಸಿಗೆ ನಾಲ್ಕು ಇಂಚು ನೀರು ಕಟ್ಟಿದರೆ ಐದೂವರೆ ಟನ್ ಮೀರುತ್ತದೆ. ಕೆಳಗೆ ಮನುಷ್ಯರಿರುತ್ತಾರೆ. ಪೈಪು ಹಿಡಿದು, ವಾಟದ ತಗ್ಗಿನ ಕಡೆಯಿಂದ ಶುರುಮಾಡಿ, ಒಂದೊಂದೇ ಭಾಗಕ್ಕೆ ನೀರು ಬಿಟ್ಟು, ಅರ್ಧ ಗಂಟೆ ಕಾದು, ಕೆಳಗೆ ಒಬ್ಬರನ್ನು ನಿಲ್ಲಿಸಿ ನೋಡಿಸಿ, ಆಮೇಲೆ ಮೇಲಿನ ಭಾಗಕ್ಕೆ ಹೋಗಿ. ಕರಣೆಯ ಹಿಡಿಯಿಂದ ತಾರಸಿ ತಟ್ಟುತ್ತಾ ನಡೆಯಿರಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೆಳಗೆ ಬಂದು ಗೋಡೆಯಿಂದ ಗೋಡೆಗೆ ದಾರ ಎಳೆದು ಜಂತೆ ಎಷ್ಟು ಬಗ್ಗಿದೆ ಅಳೆಯಿರಿ. ಜಂತೆಯ ಎರಡೂ ತುದಿ ಚುಚ್ಚಿ ನೋಡಿ. ತುದಿ ಹೋಗಿದ್ದರೆ ಅವತ್ತೇ ಆಸರೆ ಕೊಡಿ, ಮಾಲೀಕರು ಬೇಡವೆಂದರೂ. ಆಮೇಲೆ, ಇದು ನನ್ನೊಬ್ಬನ ಕೈಯಲ್ಲಿ ಆಗುವುದಲ್ಲ, ಹಳೆ ಕಟ್ಟಡ ಬಲ್ಲ ಎಂಜಿನಿಯರನ್ನು ಕರೆಸಿ ಎಂದು ಹೇಳುವ ಧೈರ್ಯ ಮಾಡಿ.

ರೈಲು ಕಂಬಿಯಂಥ ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನು ಕಟ್ಟಿದ ತಾರಸಿಗಳೂ ನಮ್ಮ ಕಡೆ ಇವೆ. ಅಲ್ಲಿ ತೊಲೆಯ ಕೆಳ ಅಂಚು ಪದರ ಪದರವಾಗಿ ಏಳುತ್ತಿದೆಯೇ ನೋಡಿ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕಮಾನಿನ ಇಟ್ಟಿಗೆಯನ್ನು ಅದೇ ಒಡೆಯುತ್ತದೆ. ಮಂಗಳೂರು ಹೆಂಚಿನ ಮಾಡಾದರೆ ಕೆಲಸ ಸುಲಭ: ಒಡೆದ ಹೆಂಚು ಬದಲಿಸಿ, ಮಾಡಿನ ನೆತ್ತಿಯ ಹೆಂಚಿನ ಗಾರೆ ನೋಡಿ, ಎರಡು ಮಾಡು ಸೇರುವ ಕಡೆಯ ತಗಡು ಬದಲಿಸಿ. ಹೆಂಚು ತೆಗೆದು ಶೀಟು ಹಾಕಿ ಎಂದು ಮಾತ್ರ ಹೇಳಬೇಡಿ.

ಬೆಂಕಿಯಲ್ಲಿ ಕರಗಿಸಿ ಅಂಟಿಸುವ ಟಾರ್ ಹಾಳೆಯ ಬಗ್ಗೆ ನನ್ನ ಮಾತು ಕಡಕ್ಕಾಗಿಯೇ ಇದೆ. ನೂರು ವರ್ಷ ಒಣಗಿದ ಮರದ ಮೇಲೆ ಗ್ಯಾಸಿನ ಜ್ವಾಲೆ ಹಿಡಿಯುವ ಕೆಲಸವನ್ನು ಯಾರು ಎಷ್ಟು ಕೂಲಿ ಕೊಟ್ಟರೂ ಒಪ್ಪಬೇಡಿ. ಕೆಳಗೆ ಜವಳಿ ಅಂಗಡಿಯೋ ಪುಸ್ತಕದ ಅಂಗಡಿಯೋ ಇರುತ್ತದೆ. ಬೆಂಕಿ ತಗಲದಿದ್ದರೂ ಒಳಗಿನ ತೇವ ಹೊರಗೆ ಬರಲಾಗದೆ ಹಾಳೆ ಬೊಬ್ಬೆ ಬೊಬ್ಬೆಯಾಗಿ ಏಳುತ್ತದೆ.

ಹಾಗಾದರೆ ಏನು ಮಾಡಬೇಕು? ಮೇಲಿನ ಸಿಮೆಂಟ್ ಪದರಗಳನ್ನು ಸುತ್ತಿಗೆ ಹೊಡೆತ ಕಡಿಮೆ ಮಾಡಿ, ಉಳಿಯಲ್ಲಿ, ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಡ್ರಿಲ್ ಯಂತ್ರ ಬೇಡ, ಅದರ ನಡುಕಕ್ಕೆ ಕೆಳಗಿನ ಸಣ್ಣ ಇಟ್ಟಿಗೆ ಸಡಿಲವಾಗುತ್ತದೆ. ತೆಗೆದ ಕಸವನ್ನು ತಾರಸಿಯ ಮೇಲೆ ಗುಡ್ಡೆ ಹಾಕದೆ ಆಗಾಗಲೇ ಇಳಿಸಿ. ಟೊಳ್ಳಾದ ಕಡೆ ಸುಣ್ಣದ ಜಲ್ಲಿ ಹೊಸದಾಗಿ ಹಾಕಿ ಬಡಿಯಿರಿ. ಹೆಂಚಿನ ಸಂದುಗಳನ್ನು ಸುರ್ಕಿ ಗಾರೆಯಲ್ಲಿ ತುಂಬಿ. ಸುಣ್ಣ ಪೂರ್ತಿ ಅರಳಿರಬೇಕು. ಅರಳದ ಒಂದು ಕಾಳು ಉಳಿದರೂ ಆರು ತಿಂಗಳಾದ ಮೇಲೆ ಗಾರೆಯನ್ನು ಒಡೆದುಕೊಂಡು ಎದ್ದು ಬರುತ್ತದೆ. ಬೆಲ್ಲದ ನೀರು ಬಳಸುವಿರಾದರೆ ಅಳತೆ ಮೀರಬೇಡಿ, ಸಿಮೆಂಟ್ ಇರುವ ಗಾರೆಗಂತೂ ಒಂದು ಹನಿಯೂ ಬೇಡ, ಸಕ್ಕರೆ ಅಂಶ ಸಿಮೆಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ. ಬೆಲ್ಲಕ್ಕೆ ನಾವು ಎಲ್ಲಿಗೂ ಹೋಗಬೇಕಿಲ್ಲ, ನಮ್ಮ ಆಲೆಮನೆಗಳಲ್ಲೇ ಇದೆ. ಬಣ್ಣಕ್ಕೆ ಔಷಧಿ ಹಾಕದ ಕಪ್ಪು ಬೆಲ್ಲ ಕೇಳಿ ತನ್ನಿ.

ಎಲ್ಲ ಒಣಗಿದ ಮೇಲೆ ಸಾಬೂನು ಮತ್ತು ಪಟಿಕದ ಲೇಪ. ಬಿಸಿ ನೀರಿನಲ್ಲಿ ಕರಗಿಸಿದ ಸಾಬೂನನ್ನು ಬ್ರಷ್‌ನಲ್ಲಿ ಒಂದು ಸಲ, ಮರುದಿನ ಪಟಿಕದ ನೀರು ಒಂದು ಸಲ, ಹೀಗೆ ಒಂದರ ಮೇಲೊಂದು. ಎರಡೂ ಸೇರಿ ಗಾರೆಯ ಸಣ್ಣ ತೂತುಗಳಲ್ಲಿ ನೀರಿಗೆ ಕರಗದ ಅಂಟು ಆಗುತ್ತದೆ. ಭಾರ ಇಲ್ಲ, ಬೆಂಕಿ ಇಲ್ಲ, ಖರ್ಚೂ ಕಡಿಮೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕಾಗುತ್ತದೆ, ಅದನ್ನು ಮಾಲೀಕರಿಗೆ ಮೊದಲೇ ಹೇಳಿ.

"ಇದೆಲ್ಲ ಅಜ್ಜಿ ಕಾಲದ ಮಾತು" ಎಂದು ಸೈಟ್ ಎಂಜಿನಿಯರ್ ಹೇಳಿದರೆ, ಭಾರತೀಯ ಮಾನಕ ಸಂಸ್ಥೆಯ ಐಎಸ್ 3036 ನೋಡಿ ಎನ್ನಿ. ಸುಣ್ಣದ ಜಲ್ಲಿ ಹಾಕಿ ತಾರಸಿಯನ್ನು ನೀರಿಳಿಯದಂತೆ ಮಾಡುವ ಕ್ರಮಕ್ಕೇ ಬರೆದದ್ದು ಅದು. ಮದ್ರಾಸ್ ತಾರಸಿಗೆ ಐಎಸ್ 2119 ಎಂದು ಬೇರೆಯೇ ಇದೆ. ನಂಬರು ಹೇಳಿದರೆ ಅವರೂ ಕಿವಿಗೊಡುತ್ತಾರೆ.

ಕಾಲದ ವಿಷಯದಲ್ಲಿ ಮಾತ್ರ ಮಾಲೀಕರ ಮುಂದೆ ಗಟ್ಟಿಯಾಗಿ ನಿಲ್ಲಬೇಕು. ಸುಣ್ಣದ ಕೆಲಸ ಮಳೆಯಲ್ಲಿ ಆಗುವುದಿಲ್ಲ, ಏಪ್ರಿಲ್ ಬಿಸಿಲಿನಲ್ಲೂ ಆಗುವುದಿಲ್ಲ. ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಮುಗಿಸಿ, ಗೋಣಿತಾಟು ಹೊದಿಸಿ ತೇವ ಆರದಂತೆ ನೋಡಿಕೊಂಡರೆ ಬೇಸಿಗೆಯ ಹೊತ್ತಿಗೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಕರೆದರೆ ದೋಣಿ ಬಿಡಿಸಿ, ಆಸರೆ ಕೊಟ್ಟು, ಬಿದಿರು ಕಟ್ಟಿ ಅದರ ಮೇಲೆ ಟಾರ್ಪಾಲ್ ಎಳೆದು, ಕೆಳಗೆ ಗಾಳಿಯಾಡಲು ಜಾಗ ಬಿಟ್ಟು ಬನ್ನಿ. ಜನವರಿಗೆ ಕೆಲಸ ಗೊತ್ತುಮಾಡಿಕೊಳ್ಳಿ. ಆ ಒಂದು ದಿನದ ಕೂಲಿ ಕೈತಪ್ಪುತ್ತದೆ ಎಂಬ ಸಂಕಟ ನನಗೂ ಗೊತ್ತು. ಒಬ್ಬರು ಬೇಡವೆಂದರೆ ಇನ್ನೊಬ್ಬರು ಹೋಗಿ ಸಿಮೆಂಟ್ ಹೊಡೆದು ಬರುತ್ತಾರೆ. ಅದಕ್ಕೇ ಒಬ್ಬೊಬ್ಬರಿಗೆ ಹೇಳದೆ ಎಲ್ಲರಿಗೂ ಸೇರಿಸಿ ಬರೆದೆ. ಹೋಬಳಿಯ ಮೇಸ್ತ್ರಿಗಳು ಒಂದೇ ಮಾತು ಹೇಳಿದರೆ ಪೇಟೆಯವರು ಒಪ್ಪುತ್ತಾರೆ. ಒಪ್ಪಿದರೆ ಒಂದು ದಿನದ ಕೆಲಸ ಇಪ್ಪತ್ತು ದಿನದ ಕೆಲಸವಾಗುತ್ತದೆ, ಕೊಡತಿ ಬಡಿಯಲು ಹೆಂಗಸರಿಗೂ ಕೂಲಿ ಸಿಗುತ್ತದೆ.

ಪೇಟೆ ಬೀದಿಯ ಬಹುಪಾಲು ಹಳೆ ಅಂಗಡಿಗಳನ್ನು ಪುರಾತತ್ವ ಇಲಾಖೆ ಕಾಯುವುದಿಲ್ಲ. ಕೆತ್ತಿದ ಕಂಬ, ಕಮಾನಿನ ಬಾಗಿಲು, ಮುಂಗಟ್ಟಿನ ಗಾರೆಯ ಹೂಬಳ್ಳಿ ಇವತ್ತಿಗೂ ಉಳಿದಿದ್ದರೆ ಅಲ್ಲಿ ವ್ಯಾಪಾರ ಮಾಡುವವರಿಂದ ಮತ್ತು ರಿಪೇರಿಗೆ ಹೋಗುವ ನಿಮ್ಮಿಂದ.

ದೀಪಾವಳಿ ಕಳೆದು ಮಳೆ ನಿಂತ ಮೇಲೆ ನಮ್ಮ ಹಿತ್ತಲಲ್ಲಿ ಸುಣ್ಣ ಅರಳಿಸಲು ಗುಂಡಿ ತೋಡಿಸುತ್ತೇನೆ. ಕಲಿಯಬೇಕೆನ್ನುವ ಹುಡುಗರು, ಹೆಣ್ಣುಮಕ್ಕಳು ಬನ್ನಿ. ಹಿಂದೆ ಕೊಡತಿ ಬಡಿದ ಅಜ್ಜಿಯರು ನಿಮ್ಮ ಮನೆಯಲ್ಲಿ ಇದ್ದರೆ ಅವರನ್ನೂ ಕರೆತನ್ನಿ, ಬಡಿತ ಎಷ್ಟಕ್ಕೆ ನಿಲ್ಲಿಸಬೇಕೆಂದು ಅವರಿಗಿಂತ ಚೆನ್ನಾಗಿ ಹೇಳಿಕೊಡುವವರಿಲ್ಲ. ಬರುವಾಗ ಈ ಮಳೆಗಾಲದಲ್ಲಿ ನಿಮ್ಮನ್ನು ಕರೆದ ಹಳೆ ಅಂಗಡಿಗಳ ಪಟ್ಟಿ ತನ್ನಿ: ಯಾವ ಬೀದಿ, ತಾರಸಿ ಯಾವ ಬಗೆಯದು, ದೋಣಿ ಎಷ್ಟು, ಯಾವ ಜಂತೆಯ ತುದಿ ಮೆತ್ತಗಾಗಿದೆ. ಸಂಕ್ರಾಂತಿ ಕಳೆದ ಮೇಲೆ ಯಾವುದಕ್ಕೆ ಮೊದಲು ಕೈಹಾಕಬೇಕು ಎಂದು ಕೂತು ಮಾತಾಡೋಣ.

ಇಂತಿ ನಿಮ್ಮವ,
ಕೊತ್ತತ್ತಿಯ ಒಬ್ಬ ಗಾರೆ ಕೆಲಸಗಾರ